ಕುಶನ್ ಸೊಟ್ಟಗಾಗದಂತೆ: ನೀಡಲ್‌ಪಾಯಿಂಟ್ ಮೊದಲ ಸಲ ಮಾಡುವವರಿಗೆ

"ಮೇಡಂರೀ, ಇದು ಯಾಕ್ ಹಿಂಗ್ ಸೊಟ್ಟ ಆಗ್ಯಾದ?" ಕಲಬುರಗಿಯಲ್ಲಿ ನನ್ನ ಹತ್ತಿರ ಹೊಲಿಗೆ ಕಲಿಯಲು ಬರುವವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ತಿಂಗಳುಗಟ್ಟಲೆ ಕೂತು ತುಂಬಿದ ಕ್ಯಾನ್ವಾಸ್ ಅವರ ಕೈಯಲ್ಲಿರುತ್ತದೆ. ಬಣ್ಣ ಚೆಂದ, ಹೂವು ಚೆಂದ. ಆದರೆ ಚೌಕವಾಗಿ ಶುರುವಾದ ತುಂಡು ಒಂದು ಮಗ್ಗುಲಿಗೆ ವಾಲಿ ಶಂಕರಪೋಳಿಯ ಆಕಾರಕ್ಕೆ ಬಂದಿರುತ್ತದೆ. ಅದಕ್ಕೆ ಬೆನ್ನುಬಟ್ಟೆ ಜೋಡಿಸಿದರೆ ಕುಶನ್ನೂ ಅದೇ ಆಕಾರಕ್ಕೆ ಬರುತ್ತದೆ.

ಕೈ ಸರಿಯಿಲ್ಲ ಅಂತ ಅವರು ತಿಳಿದಿರುತ್ತಾರೆ. ಬಹಳ ಸಲ ಕೈಯಲ್ಲಿ ಏನೂ ತಪ್ಪಿರುವುದಿಲ್ಲ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಸಾಕಾಗುವ ಹೊಲಿಗೆಯನ್ನು ಕುಶನ್‌ಗೆ ಹಾಕಿರುತ್ತಾರೆ, ಅಷ್ಟೇ. ಕುಶನ್‌ಗೆ ಜನ ಒರಗುತ್ತಾರೆ, ಮಕ್ಕಳು ಅದರ ಮೇಲೆ ಹಾರುತ್ತಾರೆ, ಬೇಸಿಗೆಯಲ್ಲಿ ಬೆವರಿದ ಬೆನ್ನು ಅದಕ್ಕೆ ತಾಗುತ್ತದೆ. ಕ್ಯಾನ್ವಾಸ್, ದಾರ, ಹೊಲಿಗೆ, ನಕ್ಷೆ ಎಲ್ಲವನ್ನೂ ಆರಿಸುವಾಗ ಈ ಒಂದು ಮಾತು ನೆನಪಿನಲ್ಲಿರಲಿ.

ನಮ್ಮ ಕಡೆಯ ಕಸೂತಿಯಲ್ಲಿ ಸೀರೆಯ ಬಟ್ಟೆ ಕಾಣುತ್ತಲೇ ಇರುತ್ತದೆ, ಅದರ ಮೇಲೆ ಗೋಪುರ, ತೇರು ಮೂಡುತ್ತವೆ. ನೀಡಲ್‌ಪಾಯಿಂಟ್‌ನಲ್ಲಿ ಕೆಳಗಿನ ಬಟ್ಟೆ ಒಂದಿಷ್ಟೂ ಕಾಣಬಾರದು. ಕಣ್ಣುಕಣ್ಣಾದ, ಗಂಜಿ ಹಾಕಿ ಬಿಗಿಮಾಡಿದ ಕ್ಯಾನ್ವಾಸಿನ ಪ್ರತಿ ಕಣ್ಣನ್ನೂ ದಾರದಿಂದ ತುಂಬಬೇಕು. ಪ್ಲಾಸ್ಟಿಕ್ ಜಾಲಿಯ ಮೇಲೆ ಉಲ್ಲನ್‌ನಿಂದ ಬಾಗಿಲ ತೋರಣ ಮಾಡಿದವರಿಗೆ ಇದು ಹೊಸದಲ್ಲ. ಆ ಪ್ಲಾಸ್ಟಿಕ್ ಜಾಲಿ ಸೊಟ್ಟಗಾಗುವುದೂ ಇಲ್ಲ, ಆದರೆ ಅದು ಬಾಗುವುದಿಲ್ಲವಾದ್ದರಿಂದ ಕುಶನ್‌ಗೆ ಬರುವುದಿಲ್ಲ. ಕಸೂತಿಯ ಮೆಂತಿ, ಗವಂತಿ ಹೊಲಿಗೆ ಬರುವವರಿಗೆ ಎಳೆ ಎಣಿಸುವ ಅಭ್ಯಾಸ ಆಗಲೇ ಇರುತ್ತದೆ. ಅಂಥವರು ಬೇಗ ಹಿಡಿಯುತ್ತಾರೆ.

ಅಂಗಡಿಯಲ್ಲಿ ಕ್ಯಾನ್ವಾಸ್ ಕೇಳಿದರೆ ಬಹಳ ಸಲ ಮ್ಯಾಟಿ ಬಟ್ಟೆ ಕೊಡುತ್ತಾರೆ. ಮ್ಯಾಟಿ ಮೆತ್ತಗಿರುತ್ತದೆ, ಅದು ಕ್ರಾಸ್ ಸ್ಟಿಚ್‌ಗೆ ಸರಿ. ನಿಮಗೆ ಬೇಕಾದದ್ದನ್ನು ಬೆಳಕಿಗೆ ಹಿಡಿದರೆ ಚೌಕ ಕಣ್ಣುಗಳು ಆಚೆಯಿಂದ ಸ್ಪಷ್ಟವಾಗಿ ಕಾಣಬೇಕು, ಮಡಚಿದರೆ ತಾನೇ ಬಿಚ್ಚಿಕೊಳ್ಳಬೇಕು. ಊರಿನಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸುವಾಗ ಇಂಚಿಗೆ ಎಷ್ಟು ಕಣ್ಣು ಅನ್ನುವುದನ್ನು ತಪ್ಪದೆ ನೋಡಿ. 10, 12, 14, 18 ಹೀಗೆ ಬರುತ್ತವೆ. ಹೊಸಬರು 10 ಅಥವಾ 12ಕ್ಕೆ ನಿಲ್ಲಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಲೆಕ್ಕ ಹಾಕಿ ನೋಡಿ. 12 ಇಂಚಿನ ಚೌಕ ಕುಶನ್‌ಗೆ 10 ಕಣ್ಣಿನ ಕ್ಯಾನ್ವಾಸ್‌ನಲ್ಲಿ 14,400 ಹೊಲಿಗೆ ಬೇಕು. ಅದೇ ಅಳತೆಗೆ 18 ಕಣ್ಣಿನದಾದರೆ 46,656. ಮೊದಲ ಕುಶನ್ ಅರ್ಧಕ್ಕೆ ನಿಂತು ಟ್ರಂಕಿನ ತಳ ಸೇರುವುದಕ್ಕೆ ಈ ಲೆಕ್ಕವೇ ದೊಡ್ಡ ಕಾರಣ.

ಸುತ್ತಲೂ ಎರಡೆರಡು ಇಂಚು ಹೆಚ್ಚು ಬಿಟ್ಟು, ಅಂದರೆ 16 ಇಂಚಿನ ಚೌಕ ಕತ್ತರಿಸಿ. ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸದಿದ್ದರೆ ಎಳೆ ಬಿಚ್ಚುತ್ತಾ ಹೋಗುತ್ತದೆ, ಉಲ್ಲನ್ ಕೂಡ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಸೂಜಿ ಮೊಂಡು ಮೊನೆಯದು, ದೊಡ್ಡ ಕಣ್ಣಿನದು, ಟ್ಯಾಪೆಸ್ಟ್ರಿ ಸೂಜಿ. 10 ಕಣ್ಣಿಗೆ 18ನೇ ನಂಬರು, 14 ಕಣ್ಣಿಗೆ 20. ನಂಬರು ಏರಿದಷ್ಟೂ ಸೂಜಿ ಸಣ್ಣದಾಗುತ್ತದೆ.

ದಾರದ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿರಿ. ಸ್ವೆಟರ್ ಹೆಣೆಯುವ ಅಕ್ರಿಲಿಕ್ ಉಲ್ಲನ್ ಎಲ್ಲ ಕಡೆ ಸಿಗುತ್ತದೆ, ಬಣ್ಣವೂ ಬೇಕಾದಷ್ಟು. ಆದರೆ ಅದು ಎಳೆದರೆ ಹಿಗ್ಗುತ್ತದೆ. ಹೊಲಿಯುವಾಗ ಹಿಗ್ಗಿದ ದಾರ ಆಮೇಲೆ ಕುಗ್ಗಿ ಕ್ಯಾನ್ವಾಸ್ ಎಳೆಯುತ್ತದೆ, ಒರಗಿ ಒರಗಿ ಮೇಲೆ ಗುಂಜು ಗುಂಜಾಗುತ್ತದೆ. ಕಲಿಯಲು ಒಂದು ಸಣ್ಣ ತುಂಡು ಅದರಲ್ಲಿ ಮಾಡಿ, ಕುಶನ್‌ಗೆ ಮಾತ್ರ ಹಿಗ್ಗದ ಟ್ಯಾಪೆಸ್ಟ್ರಿ ಉಲ್ಲನ್ ತನ್ನಿ. ನಮ್ಮ ಕುರುಬರ ಕಂಬಳಿಯ ಉಲ್ಲನ್ ಬಳಸಬಹುದೇ ಅಂತ ಯಾದಗಿರಿ ಕಡೆಯವರು ಕೇಳುತ್ತಾರೆ. ದಖನಿ ಕುರಿಯ ಆ ಉಲ್ಲನ್ ನನಗೆ ಬಹಳ ಇಷ್ಟ. ಆದರೆ ಕೈಯಲ್ಲಿ ನೂತ ನೂಲು ಒಂದೆಡೆ ದಪ್ಪ, ಒಂದೆಡೆ ಸಣ್ಣ. ಸಣ್ಣ ಕಣ್ಣಿನಲ್ಲಿ ನೂರು ಸಲ ಹಾಯುವಾಗ ಎಳೆ ಸವೆದು ಹೋಗುತ್ತದೆ. ಅದನ್ನು ಹಿಂದಿನ ಬಟ್ಟೆಗೆ ಬಳಸಿ, ಕಂಬಳಿಯ ತುಂಡು ಬೆನ್ನಿಗೆ ತುಂಬಾ ಚೆಂದ ಕಾಣುತ್ತದೆ.

ಎಷ್ಟು ದಾರ ಬೇಕು ಅನ್ನುವುದಕ್ಕೆ ಯಾರ ಲೆಕ್ಕವನ್ನೂ ನಂಬಬೇಡಿ, ಒಬ್ಬೊಬ್ಬರ ಕೈ ಒಂದೊಂದು ಥರ. ಅಂಚಿನ ಖಾಲಿ ಜಾಗದಲ್ಲಿ ಒಂದು ಚದರ ಇಂಚು ತುಂಬಿ ನೋಡಿ, ಎಷ್ಟು ದಾರ ಹೋಯಿತು ಅಳೆಯಿರಿ, 144ರಿಂದ ಗುಣಿಸಿ, ಸ್ವಲ್ಪ ಹೆಚ್ಚೇ ತನ್ನಿ. ಹಿನ್ನೆಲೆಯ ಬಣ್ಣವನ್ನಂತೂ ಒಂದೇ ಸಲ ಪೂರ್ತಿ ಕೊಳ್ಳಬೇಕು. ಆಮೇಲೆ ತಂದ ಲಡಿಯ ಬಣ್ಣ ಅಂಗಡಿಯಲ್ಲಿ ಒಂದೇ ಅನ್ನಿಸಿದರೂ ಮನೆಗೆ ತಂದು ಹೊಲಿದ ಮೇಲೆ ಪಟ್ಟೆಯಾಗಿ ಎದ್ದು ಕಾಣುತ್ತದೆ. ಕಡುಕೆಂಪು, ಕಡುನೀಲಿ ದಾರವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ. ಕೊನೆಯಲ್ಲಿ ಇಡೀ ತುಂಡಿಗೆ ನೀರು ಸೋಕಿಸುವುದಿದೆ.

ಈಗ ಸೊಟ್ಟಗಾಗುವ ಮಾತಿಗೆ ಬರೋಣ. ನೀಡಲ್‌ಪಾಯಿಂಟ್‌ನ ಮೂಲ ಹೊಲಿಗೆ ಟೆಂಟ್ ಹೊಲಿಗೆ. ಎಡಗಡೆಯ ಕೆಳಗಿನ ಕಣ್ಣಿನಿಂದ ಎದ್ದು ಬಲಗಡೆಯ ಮೇಲಿನ ಕಣ್ಣಿಗೆ ಇಳಿಯುವ ಒಂದು ಓರೆಗೆರೆ, ಅಷ್ಟೇ. ಇದನ್ನು ಹಾಕುವ ದಾರಿ ಮೂರು. ಮುಂದಿನಿಂದ ನೋಡಿದರೆ ಮೂರೂ ಒಂದೇ, ವ್ಯತ್ಯಾಸವೆಲ್ಲ ಹಿಂಬದಿಯಲ್ಲಿದೆ.

ಹಾಫ್ ಕ್ರಾಸ್ ರೀತಿಯಲ್ಲಿ ಹಿಂದೆ ಚಿಕ್ಕ ಚಿಕ್ಕ ನೇರ ಗೆರೆಗಳು ಮಾತ್ರ. ದಾರ ಉಳಿಯುತ್ತದೆ, ಆದರೆ ಹಿಂಬದಿ ತೆಳ್ಳಗಾಗಿ ಬೇಗ ಸವೆಯುತ್ತದೆ. ಕಾಂಟಿನೆಂಟಲ್ ರೀತಿಯಲ್ಲಿ ಹಿಂದೆ ಉದ್ದನೆಯ ಓರೆಗೆರೆ ಬೀಳುತ್ತದೆ. ಹಿಂಬದಿ ಗಟ್ಟಿ, ಆದರೆ ಪ್ರತಿ ಹೊಲಿಗೆಯೂ ಮುಂದೆ ಹಿಂದೆ ಎರಡೂ ಕಡೆ ಒಂದೇ ಮಗ್ಗುಲಿಗೆ ಎಳೆಯುತ್ತದೆ. ಸಾವಿರಾರು ಹೊಲಿಗೆ ಸೇರಿ ಎಳೆದರೆ ಕ್ಯಾನ್ವಾಸ್ ಏನು ಮಾಡೀತು, ವಾಲುತ್ತದೆ. ನನ್ನ ಮುಂದೆ ಬರುವ ಸೊಟ್ಟ ಕುಶನ್‌ಗಳಲ್ಲಿ ಹೆಚ್ಚಿನವು ಹೀಗೆ ಆದವೇ.

ಮೂರನೆಯದು ಬಾಸ್ಕೆಟ್ ವೀವ್. ಸಾಲು ಅಡ್ಡಲಾಗಿ ಹೋಗದೆ ಮೂಲೆಯಿಂದ ಓರೆಯಾಗಿ ಹೋಗುತ್ತದೆ, ಒಂದು ಸಾಲು ಇಳಿದರೆ ಮುಂದಿನದು ಹತ್ತುತ್ತದೆ. ಮೇಲಿನ ಬಲಮೂಲೆಯಿಂದ ಶುರುಮಾಡಿ. ಇಳಿಯುವ ಸಾಲಿನಲ್ಲಿ ಹೊಲಿಗೆ ಹಾಕಿದ ಮೇಲೆ ಸೂಜಿಯನ್ನು ಹಿಂದೆ ನೇರ ಕೆಳಕ್ಕೆ ಎರಡು ಎಳೆ ದಾಟಿಸಿ ಮೇಲೆ ತನ್ನಿ, ಮುಂದಿನ ಹೊಲಿಗೆ ಓರೆಯಾಗಿ ಕೆಳಗಡೆ ಬಲಕ್ಕೆ ಬಂದು ಕೂರುತ್ತದೆ. ಹತ್ತುವ ಸಾಲಿನಲ್ಲಿ ಸೂಜಿಯನ್ನು ಹಿಂದೆ ಅಡ್ಡಲಾಗಿ ಎಡಕ್ಕೆ ಎರಡು ಎಳೆ ದಾಟಿಸಿ, ಹೊಲಿಗೆ ಮೇಲೆ ಎಡಕ್ಕೆ ಸಾಗುತ್ತದೆ. ಹೀಗೆ ಹಿಂಬದಿಯಲ್ಲಿ ನಿಂತ ಗೆರೆ, ಮಲಗಿದ ಗೆರೆ ಒಂದರೊಳಗೊಂದು ಹೆಣೆದುಕೊಂಡು ತಾನೇ ಒಂದು ಬಟ್ಟೆಯಾಗುತ್ತದೆ. ಎಳೆತ ಎರಡೂ ಕಡೆ ಹಂಚಿಹೋಗುವುದರಿಂದ ಚೌಕ ಬಹಳಮಟ್ಟಿಗೆ ಚೌಕವಾಗಿಯೇ ಉಳಿಯುತ್ತದೆ. ಕುಶನ್‌ಗೆ ನಾನು ಹೇಳುವುದು ಇದೊಂದನ್ನೇ. ದಾರ ಹೆಚ್ಚು ಬೇಕು, ಮೊದಲ ಎರಡು ದಿನ ತಲೆ ಬಿಸಿಯಾಗುತ್ತದೆ, ಒಪ್ಪುತ್ತೇನೆ. ಆದರೂ ಇದನ್ನೇ ಕಲಿಯಿರಿ.

ಯಾವ ಸಾಲು ಇಳಿಯುವುದು, ಯಾವುದು ಹತ್ತುವುದು ಅಂತ ಮರೆತರೆ ಕ್ಯಾನ್ವಾಸೇ ಹೇಳುತ್ತದೆ. ಎಳೆಗಳು ಒಂದರ ಮೇಲೊಂದು ಹಾಯುವ ಸಾದಾ ಕ್ಯಾನ್ವಾಸ್‌ನಲ್ಲಿ ನೀವು ಹೊಲಿಯಬೇಕಾದ ಕೂಡುಜಾಗವನ್ನು ನೋಡಿ. ನಿಂತ ಎಳೆ ಮೇಲಿದ್ದರೆ ಇಳಿಯಿರಿ, ಮಲಗಿದ ಎಳೆ ಮೇಲಿದ್ದರೆ ಹತ್ತಿರಿ. ಇದನ್ನು ಬಿಟ್ಟು ಪಕ್ಕಪಕ್ಕದ ಎರಡು ಸಾಲು ಒಂದೇ ದಿಕ್ಕಿಗೆ ಹೋದರೆ ಮುಂದಿನಿಂದ ಒಂದು ಓರೆ ಗೀರು ಕಾಣುತ್ತದೆ, ಬಿಚ್ಚದೆ ಹೋಗುವುದಿಲ್ಲ. ಅಡುಗೆಮನೆಯಿಂದ ಕರೆ ಬಂದು ಏಳುವಾಗ ಸಾಲನ್ನು ಮುಗಿಸಬೇಡಿ, ನಡುವೆಯೇ ಬಿಡಿ. ಮತ್ತೆ ಕೂತಾಗ ಯಾವ ದಿಕ್ಕು ಅಂತ ಗೊತ್ತಾಗುತ್ತದೆ.

ದಾರ ಒಂದೂವರೆ ಅಡಿಗಿಂತ ಉದ್ದ ಬೇಡ. ಗಂಟು ಹಿಂಬದಿಯಲ್ಲಿ ಬೇಡವೇ ಬೇಡ, ಒರಗಿದಾಗ ಮುಂದಕ್ಕೆ ಉಬ್ಬಿ ಕಾಣುತ್ತದೆ. ಗಂಟನ್ನು ಮುಂಬದಿಯಲ್ಲಿ, ಶುರುಮಾಡುವ ಜಾಗದಿಂದ ಒಂದು ಇಂಚು ಆಚೆ, ಹೊಲಿಯುತ್ತಾ ಹೋಗುವ ದಾರಿಯಲ್ಲೇ ಇಡಿ. ಹೊಲಿಗೆಗಳು ಹಿಂದಿನ ದಾರವನ್ನು ಹಿಡಿದುಕೊಂಡ ಮೇಲೆ ಗಂಟನ್ನು ಕತ್ತರಿಸಿ. ಮುಗಿಸುವಾಗ ಹಿಂದೆ ಐದಾರು ಹೊಲಿಗೆಯೊಳಗೆ ತೂರಿಸಿದರೆ ಸಾಕು, ಆದರೆ ಕಡುಬಣ್ಣದ ತುದಿಯನ್ನು ತಿಳಿಬಣ್ಣದ ಕೆಳಗೆ ತೂರಿಸಬೇಡಿ. ದಾರ ಮುರಿ ಬಿದ್ದರೆ ಸೂಜಿಯನ್ನು ಜೋತುಬಿಡಿ, ತಾನೇ ಬಿಚ್ಚಿಕೊಳ್ಳುತ್ತದೆ. ಬಟ್ಟೆ ಬಿಗಿಹಿಡಿಯುವ ದುಂಡನೆಯ ರಿಂಗು ಹಾಕಬೇಡಿ, ಕ್ಯಾನ್ವಾಸ್ ಮುರಿದು ಗುರುತು ಉಳಿಯುತ್ತದೆ. ನಾಲ್ಕು ಪಟ್ಟಿಯ ಮರದ ಚೌಕಟ್ಟನ್ನು ಯಾವ ಬಡಿಗನೂ ಮಾಡಿಕೊಡುತ್ತಾನೆ. ಚೌಕಟ್ಟಿನ ಮೇಲೆ ಸೂಜಿಯನ್ನು ಒಮ್ಮೆ ಕೆಳಗೆ, ಒಮ್ಮೆ ಮೇಲೆ ಅಂತ ಬೇರೆ ಬೇರೆಯಾಗಿ ಎಳೆಯುವುದರಿಂದ ಕೈಯ ಬಿಗಿ ತಾನೇ ಕಡಿಮೆಯಾಗುತ್ತದೆ.

ನಕ್ಷೆಗೆ ಇಂಟರ್‌ನೆಟ್ಟಿನ ಗುಲಾಬಿ, ನಾಯಿಮರಿ ಹುಡುಕುವ ಮೊದಲು ಒಮ್ಮೆ ಬೀದರಿಗೆ ಹೋಗಿ ಬನ್ನಿ. 1472ರ ಮಹಮೂದ್ ಗವಾನ್ ಮದರಸಾದಲ್ಲಿ ಉಳಿದಿರುವ ಮಿನಾರಿನ ಮೇಲೆ ಹೊಳಪು ಹೆಂಚಿನ ಅಂಕುಡೊಂಕು ಪಟ್ಟಿಗಳಿವೆ. ಎಣಿಸಿ ಹೊಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಕಂಡಿಲ್ಲ. ಗ್ರಾಫ್ ಹಾಳೆಯಲ್ಲಿ 120ಕ್ಕೆ 120 ಚೌಕ ಗುರುತುಮಾಡಿ, ನೀಲಿ, ಬಿಳಿ, ಹಳದಿ ಮೂರೇ ಬಣ್ಣದ ಪಟ್ಟಿ ಹಾಕಿ. ಒಂದು ಎಚ್ಚರಿಕೆ ಇದೆ. ಟೆಂಟ್ ಹೊಲಿಗೆ ಬಲಕ್ಕೆ ಓರೆ. ಆದ್ದರಿಂದ ಬಲಕ್ಕೆ ಏರುವ ಸಣ್ಣ ಗೆರೆ ಒಂದೇ ಸಮನೆ ಕಾಣುತ್ತದೆ, ಎಡಕ್ಕೆ ಏರುವ ಗೆರೆ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ನೀವೇನು ಮಾಡಿದರೂ ಅದು ಹಾಗೇ. ಪಟ್ಟಿಯನ್ನು ಆರೇಳು ಹೊಲಿಗೆ ಅಗಲ ಮಾಡಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಬಿದ್ರಿಯ ಬಳ್ಳಿಗಳನ್ನು ಎರಡನೇ ಕುಶನ್‌ಗೆ ಇಟ್ಟುಕೊಳ್ಳಿ ಅನ್ನುವುದಕ್ಕೂ ಇದೇ ಕಾರಣ, ಸಣ್ಣ ಬಳ್ಳಿ ಎಡಕ್ಕೂ ಬಲಕ್ಕೂ ಬಾಗುತ್ತದೆ. ಜೊತೆಗೆ ಬಿದ್ರಿಯ ಕಪ್ಪು ಹಿನ್ನೆಲೆ ರಾತ್ರಿ ಲೈಟಿನಲ್ಲಿ ಕಾಣುವುದೇ ಇಲ್ಲ. ಮಾಡಲೇಬೇಕೆಂದರೆ ಹಗಲಿನಲ್ಲಿ, ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಮಾಡಿ. ಕಣ್ಣುಗಳು ಬೆಳ್ಳಗೆ ಎದ್ದು ಕಾಣುತ್ತವೆ.

ನಕ್ಷೆಯನ್ನು ಕ್ಯಾನ್ವಾಸ್ ಮೇಲೆ ಪೆನ್ಸಿಲ್‌ನಿಂದ ಬರೆಯಬೇಡಿ, ಮಸಿ ಬಿಳಿ ದಾರಕ್ಕೆ ಹತ್ತುತ್ತದೆ. ನೀರಿಗೆ ಹರಡದ ಪೆನ್ನೇ ಬೇಕು, ಅದನ್ನೂ ಒದ್ದೆಮಾಡಿ ಪರೀಕ್ಷಿಸಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಅಂಗೈ ಬೆವರುವುದರಿಂದ ಬಿಳಿ ಭಾಗವನ್ನು ಬೆಳಗ್ಗೆ ತಂಪಿನಲ್ಲಿ, ಕೈ ತೊಳೆದು ಒರೆಸಿಕೊಂಡು ತುಂಬಿ.

ಬಾಸ್ಕೆಟ್ ವೀವ್ ಹಾಕಿದರೂ ಸ್ವಲ್ಪ ವಾಲುವುದು ಸಹಜ, ಅದನ್ನು ಬ್ಲಾಕಿಂಗ್‌ನಲ್ಲಿ ಸರಿಮಾಡಬೇಕು. ಪರಸಿ ನೆಲಕ್ಕೆ ಪಿನ್ನು ಇಳಿಯುವುದಿಲ್ಲ, ಒಂದು ಮೆತ್ತನೆಯ ಮರದ ಹಲಗೆ ಬೇಕು. ಹಲಗೆಯ ಮೇಲೆ ಮೂಲೆಮಟ್ಟದಿಂದ ಸರಿಯಾದ 12 ಇಂಚಿನ ಚೌಕ ಎಳೆದು, ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಕಿ. ಕ್ಯಾನ್ವಾಸ್‌ಗೆ ನೀರು ಸಿಂಪಡಿಸಿ, ವಾಲಿದ ದಿಕ್ಕಿಗೆ ಎದುರಾಗಿ ಮೂಲೆಯಿಂದ ಮೂಲೆಗೆ ಎಳೆದು, ಗೆರೆಗೆ ಸರಿಯಾಗಿ ಇಂಚಿಗೊಂದು ಪಿನ್ನು ಚುಚ್ಚಿ. ಪಿನ್ನು ತುಕ್ಕು ಹಿಡಿಯದ್ದಿರಲಿ, ತುಕ್ಕಿನ ಕಲೆ ಉಲ್ಲನ್‌ನಿಂದ ಹೋಗುವುದೇ ಇಲ್ಲ. ನೆರಳಿನಲ್ಲಿ ಪೂರ್ತಿ ಒಣಗುವವರೆಗೆ ಪಿನ್ನು ತೆಗೆಯಬೇಡಿ. ಬೇಸಿಗೆಯಲ್ಲಿ ಒಂದು ದಿನ ಸಾಕು, ಮಳೆಗಾಲದಲ್ಲಿ ಎರಡು ಮೂರು ದಿನ ಬಿಡಿ. ಇನ್ನೂ ವಾಲಿದ್ದರೆ ಮತ್ತೊಮ್ಮೆ ಒದ್ದೆಮಾಡಿ ಅದೇ ಕೆಲಸ.

ಕುಶನ್ ಜೋಡಿಸುವುದನ್ನು ಟೇಲರ್ ಹತ್ತಿರ ಕೊಟ್ಟರೂ ಎರಡು ಮಾತು ಹೇಳಿ ಕೊಡಿ. ಕತ್ತರಿಸುವ ಮೊದಲು ಸುತ್ತಲೂ ಜಿಗ್‌ಜ್ಯಾಗ್ ಹೊಡೆಯಬೇಕು. ಮಷಿನ್ ಹೊಲಿಗೆ ಕಡೆಯ ಸಾಲಿನ ಉಲ್ಲನ್ ಮೇಲೆಯೇ ಬೀಳಬೇಕು, ಅದರಾಚೆಗೆ ಬಿದ್ದರೆ ಅಂಚಿನಲ್ಲಿ ಬಿಳಿ ಕ್ಯಾನ್ವಾಸ್ ಇಣುಕುತ್ತದೆ. ಬೆನ್ನಿಗೆ ದಪ್ಪ ಖಾದಿ, ಮಖಮಲ್ ಯಾವುದಾದರೂ ಸರಿ, ಜಿಪ್ ಮಾತ್ರ ಇರಲಿ. ಒಳದಿಂಬನ್ನು ಬೇರೆ ಚೀಲದಲ್ಲಿ, ಕವರಿಗಿಂತ ಒಂದು ಇಂಚು ದೊಡ್ಡದಾಗಿ ಮಾಡಿಸಿದರೆ ಮೂಲೆಗಳು ತುಂಬಿಕೊಂಡು ಕೂರುತ್ತವೆ. ಗಾದಿ ಮಾಡುವ ಪಿಂಜಾರರ ಹತ್ತಿರ ಹೊಸ ಹತ್ತಿ ತುಂಬಿಸಿ. ವರ್ಷ ಕಳೆದು ಹತ್ತಿ ಗಂಟುಕಟ್ಟಿದಾಗ ಒಳದಿಂಬನ್ನಷ್ಟೇ ತೆಗೆದು ಮತ್ತೆ ಹಿಂಜಿಸಿಕೊಂಡು ಬರಬಹುದು.

ಈ ಕವರನ್ನು ವಾಷಿಂಗ್ ಮಷಿನ್‌ಗೆ ಹಾಕಬೇಡಿ, ಗಂಜಿ ಬಿಟ್ಟು ಕ್ಯಾನ್ವಾಸ್ ಮೆತ್ತಗಾಗುತ್ತದೆ. ವಾರಕ್ಕೊಮ್ಮೆ ಹಿಂಬದಿಯಿಂದ ಬಡಿದು ಧೂಳು ಕೊಡವಿ, ಕಲೆ ಬಿದ್ದರೆ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಮಳೆಗಾಲದಲ್ಲಿ ಎತ್ತಿಡುವುದಾದರೆ ಒಣಗಿದ ಬೇವಿನೆಲೆ ಹಾಕಿದ ಹತ್ತಿ ಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ.