ಒಂದರೊಳಗೊಂದು ಕಾಲುಚೀಲ

ಟಾಲ್‌ಸ್ಟಾಯ್ ಬರೆದ ‘ಯುದ್ಧ ಮತ್ತು ಶಾಂತಿ’ ಕಾದಂಬರಿಯ ಕೊನೆಯ ಭಾಗದಲ್ಲಿ ಅನ್ನಾ ಮಕಾರೊವ್ನಾ ಎಂಬ ಹೆಂಗಸು ಬರುತ್ತಾಳೆ. ನೆಪೋಲಿಯನ್ ಬಂದು ಹೋಗಿದ್ದಾನೆ, ಮಾಸ್ಕೋ ಸುಟ್ಟು ಮತ್ತೆ ಎದ್ದಿದೆ. ಮನೆಯ ಮಕ್ಕಳಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಅವರು ಕೇಕೆ ಹಾಕಿ ನಗುವುದು ಅನ್ನಾ ಮಕಾರೊವ್ನಾಳ ಕಾಲುಚೀಲ ಹೆಣೆದು ಮುಗಿದಾಗ. ತನಗೊಬ್ಬಳಿಗೇ ಗೊತ್ತಿರುವ ಗುಟ್ಟಿನಿಂದ ಆಕೆ ಒಂದೇ ಕಡ್ಡಿಗಳ ಮೇಲೆ ಎರಡು ಕಾಲುಚೀಲಗಳನ್ನು ಹೆಣೆಯುತ್ತಾಳೆ. ಮುಗಿದ ದಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಒಂದರ ಹೊಟ್ಟೆಯಿಂದ ಇನ್ನೊಂದನ್ನು ಎಳೆದು ತೋರಿಸುತ್ತಾಳೆ.

ಇದು ಕಾದಂಬರಿಕಾರನ ಕಟ್ಟುಕತೆಯಲ್ಲ. ತಾಳ್ಮೆಯಿರುವ ಯಾರು ಬೇಕಾದರೂ ಮಾಡಬಹುದಾದ ಕೆಲಸ. ಎರಡು ಉಂಡೆ ನೂಲು ಬೇಕು. ಕಡ್ಡಿಯ ಮೇಲೆ ಕುಣಿಕೆಗಳನ್ನು ಸರದಿಯಂತೆ ಏರಿಸಿಕೊಳ್ಳಬೇಕು: ಒಂದು ಹೊರಗಿನ ಚೀಲದ್ದು, ಅದರ ಪಕ್ಕದ್ದು ಒಳಗಿನದ್ದು, ಮತ್ತೆ ಹೊರಗಿನದ್ದು. ಹೊರಗಿನ ಚೀಲದ ಕುಣಿಕೆ ಎದುರಾದಾಗಲೆಲ್ಲ ಮೊದಲ ಉಂಡೆಯ ನೂಲು, ಒಳಗಿನದು ಎದುರಾದಾಗ ಎರಡನೆಯ ಉಂಡೆಯ ನೂಲು. ಮುಖ್ಯ ನಿಯಮ ಇಷ್ಟೇ. ಆದರೆ ನೂರಾರು ಸುತ್ತುಗಳಲ್ಲಿ ಒಂದೇ ಒಂದು ಕುಣಿಕೆಗೆ ತಪ್ಪು ನೂಲು ಹೋದರೂ ಅಥವಾ ನಡುವೆ ಎರಡು ನೂಲುಗಳು ಒಂದನ್ನೊಂದು ಸುತ್ತಿಕೊಂಡರೂ ಚೀಲಗಳು ಆ ಜಾಗದಲ್ಲಿ ಬೆಸೆದುಕೊಳ್ಳುತ್ತವೆ. ಮಕ್ಕಳೆದುರು ಎಷ್ಟು ಎಳೆದರೂ ಒಳಗಿನದು ಹೊರಗೆ ಬರುವುದಿಲ್ಲ.

ಇದರ ಹಿಂದಿನ ಗಣಿತವನ್ನು ತಿಳಿಯಲು ಮೊದಲು ಹೆಣಿಗೆಗೂ ನೇಯ್ಗೆಗೂ ಇರುವ ವ್ಯತ್ಯಾಸವನ್ನು ನೋಡಬೇಕು. ಚಳ್ಳಕೆರೆಯ ಕಡೆ ಮಗ್ಗದಲ್ಲಿ ನೇಯುವ ಕಂಬಳಿಯಲ್ಲಿ ಹಾಸು ಮತ್ತು ಹೊಕ್ಕು ಎಂದು ಎರಡು ದಿಕ್ಕಿನ ನೂಲುಗಳಿರುತ್ತವೆ. ಎರಡೂ ಹೆಚ್ಚುಕಡಿಮೆ ನೇರವಾಗಿ ಮಲಗಿರುತ್ತವೆ. ಆದ್ದರಿಂದಲೇ ಕಂಬಳಿಯನ್ನು ಎಳೆದರೆ ಅದು ಅಷ್ಟಾಗಿ ಹಿಗ್ಗುವುದಿಲ್ಲ. ಹೆಣಿಗೆಯಲ್ಲಿ ಇರುವುದು ಒಂದೇ ನೂಲು. ಹಿಂದಿನ ಸಾಲಿನ ಕುಣಿಕೆಯ ಒಳಗಿಂದ ಹೊಸ ಕುಣಿಕೆಯನ್ನು ಎಳೆದು ತರುತ್ತೇವೆ, ಅದರೊಳಗಿಂದ ಮುಂದಿನ ಸಾಲಿನದ್ದನ್ನು. ಇಡೀ ಕಾಲುಚೀಲದಲ್ಲಿ ಸಾವಿರಾರು ಕುಣಿಕೆಗಳಿದ್ದರೂ ಅವುಗಳಲ್ಲಿ ಒಂದೂ ಗಂಟಲ್ಲ. ಕೊನೆಯಲ್ಲಿ ಸಿಕ್ಕಿಸಿಟ್ಟ ತುದಿಯನ್ನು ಬಿಡಿಸಿ ಎಳೆಯುತ್ತಾ ಹೋದರೆ ಚೀಲವೆಲ್ಲ ಬಿಚ್ಚಿಕೊಂಡು ಮತ್ತೆ ನೂಲಿನ ಉಂಡೆಯಾಗುತ್ತದೆ. ಕುಣಿಕೆಯನ್ನು ಕುಣಿಕೆಯೇ ಹಿಡಿದಿಟ್ಟಿದೆ, ಅಷ್ಟೇ.

ವಸ್ತುವನ್ನು ಎಷ್ಟೇ ಹಿಗ್ಗಿಸಿದರೂ ಬಗ್ಗಿಸಿದರೂ ಬದಲಾಗದ ಗುಣಗಳನ್ನು ಅಧ್ಯಯನ ಮಾಡುವ ಗಣಿತ ಶಾಖೆಗೆ ಟೋಪಾಲಜಿ ಎಂದು ಹೆಸರು. ಅನ್ನಾ ಮಕಾರೊವ್ನಾಳ ಎರಡು ನೂಲುಗಳು ಒಂದೇ ಕಡ್ಡಿಯ ಮೇಲೆ ಅಕ್ಕಪಕ್ಕ ಕೂತು ವಾರಗಟ್ಟಲೆ ಕಳೆದರೂ ಟೋಪಾಲಜಿಯ ಕಣ್ಣಿಗೆ ಅವಕ್ಕೆ ಸಂಬಂಧವೇ ಇಲ್ಲ. ಒಂದರ ಯಾವ ಕುಣಿಕೆಯೂ ಇನ್ನೊಂದರ ಕುಣಿಕೆಯನ್ನು ಹಾದುಹೋಗಿಲ್ಲ. ಎರಡನ್ನೂ ಹಿಡಿದಿಟ್ಟಿದ್ದದ್ದು ಕಡ್ಡಿ ಮಾತ್ರ. ಕಡ್ಡಿ ಹೊರಬಿದ್ದರೆ ಒಳಗಿನ ಚೀಲ ಬಾಯಿಯ ಕಡೆಯಿಂದ ಸಲೀಸಾಗಿ ಬರುತ್ತದೆ. ಮಕ್ಕಳಿಗೆ ಮಾಯೆಯಂತೆ ಕಾಣುವುದಕ್ಕೆ ಕಾರಣ, ಇಷ್ಟು ಹತ್ತಿರವಿದ್ದವು ಕೂಡಿಕೊಂಡೇ ಇರಬೇಕೆಂದು ನಮ್ಮ ಕಣ್ಣು ನಂಬುವುದು.

ಅದಿರಲಿ, ಎರಡನ್ನು ಒಟ್ಟಿಗೆ ಹೆಣೆಯುವ ಉಸಾಬರಿಯಾದರೂ ಏಕೆ? ಒಂದಾದ ಮೇಲೆ ಒಂದು ಹೆಣೆದರೆ ಆಗದೇ? ಹೆಣೆಯುವವರು ಮೊದಲು ಹೇಳುವ ಕಾರಣ ಬೇಸರ. ಶಾಲಿಗಾಗಲಿ ಟೊಪ್ಪಿಗಾಗಲಿ ಜೊತೆ ಬೇಕಿಲ್ಲ, ಕಾಲುಚೀಲಕ್ಕೆ ಬೇಕು. ಮೊದಲನೆಯದು ಮುಗಿಯುವಷ್ಟರಲ್ಲಿ ಹುಮ್ಮಸ್ಸು ತೀರಿರುತ್ತದೆ, ಅದನ್ನೇ ಮೊದಲಿನಿಂದ ಇನ್ನೊಮ್ಮೆ ಮಾಡಬೇಕು. ಒಂಟಿ ಕಾಲುಚೀಲಗಳು ಪೆಟ್ಟಿಗೆ ಸೇರುವುದು ಹೀಗೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳಿರುವ ಮನೆಗೆ ಎಂಟು ಚೀಲಗಳಾಗಬೇಕು ಎಂದು ಯೋಚಿಸಿದರೆ ಯಾರಿಗಾದರೂ ಕೈ ಸೋಲುತ್ತದೆ.

ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಎರಡನೆಯ ಕಾರಣ. ನಮ್ಮ ಕೈ ಎರಡು ವಾರಗಳ ಅಂತರದಲ್ಲಿ ಒಂದೇ ಕೈಯಾಗಿ ಉಳಿಯುವುದಿಲ್ಲ.

ದೊಡ್ಡವರ ಕಾಲುಚೀಲಕ್ಕೆ ತೆಳು ನೂಲಿನಲ್ಲಿ ಸುತ್ತಿಗೆ 64 ಕುಣಿಕೆ ಹಾಕುವುದು ರೂಢಿ. ಹತ್ತು ಸೆಂಟಿಮೀಟರಿಗೆ 32 ಕುಣಿಕೆ ಬರುವಷ್ಟು ಬಿಗಿಯಾಗಿ ಹೆಣೆದರೆ ಚೀಲದ ಸುತ್ತಳತೆ ಸರಿಯಾಗಿ 20 ಸೆಂಟಿಮೀಟರ್. ಮುಂದಿನ ವಾರ ಟಿವಿ ನೋಡುತ್ತಾ, ಮನಸ್ಸು ಹಗುರವಾಗಿದ್ದಾಗ, ಕೈ ತುಸು ಸಡಿಲಾಗಿ 30 ಕುಣಿಕೆ ಬಂದಿತೆನ್ನಿ. ಅದೇ 64 ಕುಣಿಕೆಗಳು ಈಗ 21.3 ಸೆಂಟಿಮೀಟರ್ ಆಕ್ರಮಿಸುತ್ತವೆ. ಒಂದು ಕಾಲಿಗೆ ಹಿತವಾಗಿ ಕೂತದ್ದು ಇನ್ನೊಂದು ಕಾಲಿನಲ್ಲಿ ಜಾರುತ್ತದೆ. ಸಾಲುಗಳನ್ನು ಎಣಿಸಿ ಹೆಣೆದಿದ್ದರೆ ಉದ್ದದಲ್ಲಿಯೂ ವ್ಯತ್ಯಾಸ ಬರುತ್ತದೆ.

ಕಾಲುಚೀಲದ ಕಾರ್ಖಾನೆಗಳಿಗೆ ಈ ವಿಷಯ ಚೆನ್ನಾಗಿ ಗೊತ್ತು. ಇಂಗ್ಲೆಂಡಿನ ಡಿ. ಎಲ್. ಮಂಡನ್ 1959ರಲ್ಲಿ ಒಂದು ಸರಳ ಸಂಬಂಧವನ್ನು ತೋರಿಸಿಕೊಟ್ಟರು: ಸಾದಾ ಹೆಣಿಗೆಯ ಬಟ್ಟೆಯ ಅಳತೆಗಳನ್ನು ಮುಖ್ಯವಾಗಿ ನಿರ್ಧರಿಸುವುದು ಒಂದು ಕುಣಿಕೆಯಲ್ಲಿ ಅಡಗಿರುವ ನೂಲಿನ ಉದ್ದ. ಆ ಉದ್ದ ಹೆಚ್ಚಾದಂತೆ ಸೆಂಟಿಮೀಟರಿಗೆ ಬರುವ ಅಡ್ಡ ಸಾಲುಗಳೂ ಕಂಬಗಳೂ (ಒಂದರ ಮೇಲೊಂದು ನಿಂತ ಕುಣಿಕೆಗಳ ಸಾಲು) ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತವೆ. ಯಂತ್ರಕ್ಕೆ ಇದು ಸುಲಭ, ಪ್ರತಿ ಕುಣಿಕೆಗೂ ಅಳೆದಂತೆ ನೂಲು ಉಣಿಸುತ್ತದೆ. ನಾಟಿಂಗ್‌ಹ್ಯಾಮ್ ಬಳಿಯ ಕ್ಯಾಲ್ವರ್ಟನ್ ಹಳ್ಳಿಯ ವಿಲಿಯಂ ಲೀ 1589ರಲ್ಲಿಯೇ ಕಾಲುಚೀಲ ಹೆಣೆಯುವ ಚೌಕಟ್ಟನ್ನು ನಿರ್ಮಿಸಿದ್ದ. ಎಲಿಜಬೆತ್ ರಾಣಿ ಅವನಿಗೆ ಏಕಸ್ವಾಮ್ಯದ ಹಕ್ಕು ಕೊಡಲಿಲ್ಲ, ಪಾಪ. ಅಂದಿನಿಂದ ಇಂದಿನವರೆಗೆ ಯಂತ್ರದ ನಿಜವಾದ ಹೆಚ್ಚುಗಾರಿಕೆ ವೇಗ ಮಾತ್ರವಲ್ಲ. ನಿನ್ನೆಯ ಕುಣಿಕೆಯೂ ನಾಳೆಯ ಕುಣಿಕೆಯೂ ಅದಕ್ಕೆ ಒಂದೇ.

ಕೈಗೆ ಈ ಸ್ಥಿರತೆ ಇಲ್ಲ. ಅದಕ್ಕೆ ಇರುವ ಉಪಾಯವೆಂದರೆ ಎರಡು ಚೀಲಗಳನ್ನೂ ಒಂದೇ ದಿನದ ಕೈಗೆ ಒಪ್ಪಿಸುವುದು. ಎಡದ ಚೀಲದ ನಲವತ್ತನೆಯ ಸುತ್ತು ಮುಗಿದ ಕೂಡಲೇ ಬಲದ ಚೀಲದ ನಲವತ್ತನೆಯ ಸುತ್ತು. ಕೈ ಬಿಗಿಯಾದರೆ ಎರಡರಲ್ಲೂ ಬಿಗಿ, ಸಡಿಲಾದರೆ ಎರಡರಲ್ಲೂ ಸಡಿಲ. ಏರುಪೇರು ಹೋಗುವುದಿಲ್ಲ, ಆದರೆ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಸಂಖ್ಯಾಶಾಸ್ತ್ರಜ್ಞರು ಪ್ರಯೋಗಗಳಲ್ಲಿ ಬಳಸುವ ಜಾಣತನ ಕೂಡ ಇದೇ. ಅವರ ಪಾಠಗಳಲ್ಲಿ ಬರುವ ಪ್ರಸಿದ್ಧ ಉದಾಹರಣೆಯೊಂದು ಕಾಲಿಗೇ ಸಂಬಂಧಿಸಿದ್ದು. ಎರಡು ಬಗೆಯ ಬೂಟಿನ ಅಟ್ಟೆಗಳಲ್ಲಿ ಯಾವುದು ಬೇಗ ಸವೆಯುತ್ತದೆ ಎಂದು ತಿಳಿಯಬೇಕು. ಕೆಲವು ಹುಡುಗರಿಗೆ ಒಂದು ಬಗೆ, ಉಳಿದವರಿಗೆ ಇನ್ನೊಂದು ಬಗೆ ಕೊಟ್ಟರೆ ಓಡಾಡುವ ಹುಡುಗನಿಗೂ ಕೂತಲ್ಲೇ ಕೂರುವ ಹುಡುಗನಿಗೂ ಇರುವ ವ್ಯತ್ಯಾಸದಲ್ಲಿ ಅಟ್ಟೆಯ ವ್ಯತ್ಯಾಸ ಮುಚ್ಚಿಹೋಗುತ್ತದೆ. ಪ್ರತಿ ಹುಡುಗನ ಒಂದು ಕಾಲಿಗೆ ಒಂದು ಬಗೆ, ಇನ್ನೊಂದು ಕಾಲಿಗೆ ಇನ್ನೊಂದು ಬಗೆ ತೊಡಿಸಿದರೆ ಹುಡುಗನ ಗುಣ ಎರಡಕ್ಕೂ ಸಮವಾಗುತ್ತದೆ. ಹೆಣಿಗೆಯಲ್ಲಿ ಆ ಹುಡುಗನ ಸ್ಥಾನದಲ್ಲಿರುವುದು ಹೆಣೆಯುವವರ ಮನಸ್ಥಿತಿ.

ಒಂದರೊಳಗೊಂದು ಹೆಣೆಯುವುದು ನೋಡಲು ಚೆನ್ನ, ದುಡಿಮೆಗೆ ಅಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರತಿ ಕುಣಿಕೆಗೂ ನೂಲು ಬದಲಿಸಬೇಕು, ಒಳಗಿನ ಚೀಲದಲ್ಲಿ ತಪ್ಪಾದರೆ ಕಣ್ಣಿಗೆ ಬೀಳುವುದೂ ಇಲ್ಲ. ಕುಟುಂಬಕ್ಕೆಲ್ಲ ಹೆಣೆಯುವವರು ಹೆಚ್ಚಾಗಿ ಹಿಡಿಯುವುದು ಎರಡು ಕಡ್ಡಿಗಳ ನಡುವೆ ಉದ್ದನೆಯ ಬಳುಕುವ ತಂತಿಯಿರುವ ವೃತ್ತಾಕಾರದ ಕಡ್ಡಿಯನ್ನು. ತಂತಿಯ ಮೇಲೆ ಎರಡು ಚೀಲಗಳು ಅಕ್ಕಪಕ್ಕ ಕೂರುತ್ತವೆ. ಪ್ರತಿಯೊಂದರ ಅರ್ಧ ಕುಣಿಕೆಗಳು ಈಚೆ, ಅರ್ಧ ಆಚೆ, ಒಂದೊಂದಕ್ಕೂ ಅದರದೇ ಉಂಡೆ. ಮೂರು ನಾಲ್ಕು ಚೀಲಗಳನ್ನು ಹೀಗೆ ಏರಿಸುವ ಸಾಹಸಿಗಳೂ ಇದ್ದಾರೆ. ಅವರ ದೊಡ್ಡ ಶತ್ರು ಸಿಕ್ಕು. ಅಮೆರಿಕದ ಡೋರಿಯನ್ ರೇಮರ್ ಮತ್ತು ಡಗ್ಲಾಸ್ ಸ್ಮಿತ್ 2007ರಲ್ಲಿ ದಾರವನ್ನು ಪೆಟ್ಟಿಗೆಯೊಳಗೆ ಹಾಕಿ ಉರುಳಿಸಿ ನೋಡಿದರು. ಕೆಲವೇ ಸೆಕೆಂಡುಗಳಲ್ಲಿ ಜಟಿಲ ಗಂಟುಗಳು ತಾವಾಗಿಯೇ ಬಿದ್ದವು. 46 ಸೆಂಟಿಮೀಟರಿಗಿಂತ ಗಿಡ್ಡ ದಾರದಲ್ಲಿ ಮಾತ್ರ ಗಂಟು ಬೀಳಲಿಲ್ಲ. ಉದ್ದ ಹೆಚ್ಚಿದಂತೆ ಗಂಟಿನ ಸಂಭವವೂ ಹೆಚ್ಚಿತು. ನಾಲ್ಕು ಉಂಡೆಗಳಿಂದ ಮೀಟರುಗಟ್ಟಲೆ ನೂಲು ಮಡಿಲಲ್ಲಿ ಹರಡಿಕೊಂಡಿದ್ದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಪ್ರತಿ ಸಾಲಿನ ಕೊನೆಗೆ ಹೆಣಿಗೆಯನ್ನು ಒಮ್ಮೆ ಎಡಕ್ಕೆ ತಿರುಗಿಸಿದರೆ ಮುಂದಿನ ಸಲ ಬಲಕ್ಕೆ ತಿರುಗಿಸುವುದು, ಒಂದೊಂದು ಉಂಡೆಯನ್ನೂ ಬೇರೆ ಬೇರೆ ಬಟ್ಟಲಲ್ಲಿಡುವುದು ಇದಕ್ಕೆ ಮದ್ದು.

ಇಷ್ಟಾದರೂ ಕೊಳವೆ ಮಾತ್ರ ಸಿದ್ಧ. ಕಾಲುಚೀಲ ಕೊಳವೆಯಲ್ಲ, ಅದಕ್ಕೆ ಹಿಮ್ಮಡಿ ಇದೆ. ಕಾಗದವನ್ನು ಕೊಳವೆಯಾಗಿ ಸುತ್ತಬಹುದು, ಆದರೆ ಸುಕ್ಕಿಲ್ಲದೆ ಹಿಮ್ಮಡಿಗೆ ಹೊದಿಸಲಾಗದು. ಹಿಮ್ಮಡಿಯು ಚೆಂಡಿನಂತೆ ಎರಡು ದಿಕ್ಕಿಗೂ ಬಾಗಿದೆ, ಕೊಳವೆ ಬಾಗಿರುವುದು ಒಂದೇ ದಿಕ್ಕಿಗೆ. ಈ ಎರಡು ಮೇಲ್ಮೈಗಳ ನಡುವಿನ ಅಂತರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಗಾಸ್ ಗಣಿತದ ಭಾಷೆಯಲ್ಲಿ ಹೇಳಿದ. ಹೆಣೆಯುವವರು ಅದನ್ನು ಕೈಯಲ್ಲಿ ಬಗೆಹರಿಸಿಕೊಂಡರು. 64 ಕುಣಿಕೆಗಳಲ್ಲಿ 32ನ್ನು ಸುಮ್ಮನೆ ಬಿಟ್ಟು, ಉಳಿದ 32ರ ಮೇಲೆ ಮಾತ್ರ ಹಿಂದೆ ಮುಂದೆ ಹೆಚ್ಚುವರಿ ಸಾಲುಗಳನ್ನು ಹಾಕುತ್ತಾರೆ. ಸಾಲುಗಳನ್ನು ಮೊದಲು ಒಂದೊಂದೇ ಕುಣಿಕೆಯಷ್ಟು ಗಿಡ್ಡ ಮಾಡುತ್ತಾ, ಆಮೇಲೆ ಮತ್ತೆ ಉದ್ದ ಮಾಡುತ್ತಾ ಬರುವುದು ಒಂದು ಬಗೆ. ಹಿಂಭಾಗದಲ್ಲಿ ಬಟ್ಟೆ ಹೆಚ್ಚು, ಮುಂಭಾಗದಲ್ಲಿ ಕಡಿಮೆ. ಹಪ್ಪಳ ಕರಿಯುವಾಗ ಒಂದು ಕಡೆ ಹೆಚ್ಚು ಹಿಗ್ಗಿದರೆ ಅದು ಚಪ್ಪಟೆಯಾಗಿ ಉಳಿಯಲಾರದೆ ಉಬ್ಬುವಂತೆ ಇಲ್ಲಿಯೂ ಹೆಚ್ಚಾದ ಬಟ್ಟೆ ಉಬ್ಬಿ ಬಟ್ಟಲಾಗುತ್ತದೆ. ಕತ್ತರಿಯಿಲ್ಲ, ಹೊಲಿಗೆಯಿಲ್ಲ. ಹೆಣಿಗೆಯ ಇಡೀ ಕಲೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಜಾಗ ಇದು.

ಹಿಮ್ಮಡಿ ದಾಟಿ ಒಳಗೆ ಹೋದ ಕಾಲನ್ನು ಚೀಲ ಬಿಗಿಯಾಗಿ ಹಿಡಿಯುವುದು ಹೇಗೆ? ನೂಲು ರಬ್ಬರಿನಂತೆ ಹಿಗ್ಗುತ್ತದೆ ಎಂದುಕೊಳ್ಳುವುದು ಸಹಜ. ಫ್ರಾನ್ಸಿನ ಪುವಾಂಕ್ಲೂ, ಅದ್ದಾ-ಬೆದಿಯಾ ಮತ್ತು ಲೆಶೆನೋ ಎಂಬ ಭೌತವಿಜ್ಞಾನಿಗಳು 2018ರಲ್ಲಿ ನೈಲಾನ್ ದಾರದಿಂದ ಹೆಣೆದ ಬಟ್ಟೆಯನ್ನು ಎಳೆದು ಅಳೆದರು. ದಾರದ ಉದ್ದ ಬದಲಾಗುವುದೇ ಇಲ್ಲವೆಂದು ಇಟ್ಟುಕೊಂಡರೂ ಬಟ್ಟೆಯ ಹಿಗ್ಗುವಿಕೆಯನ್ನು ವಿವರಿಸಲು ಸಾಧ್ಯವಾಯಿತು. ಎಳೆದಾಗ ಕುಣಿಕೆಗಳ ಆಕಾರ ಬದಲಾಗುತ್ತದೆ, ಅಗಲದಿಂದ ಉದ್ದಕ್ಕೆ ನೂಲು ಸರಿಯುತ್ತದೆ, ಬಾಗಿದ ನೂಲು ಮತ್ತೆ ಮೊದಲಿನಂತಾಗಲು ಹವಣಿಸುತ್ತದೆ. ಕಾಲನ್ನು ಹಿಡಿಯುವುದು ಆ ಹವಣಿಕೆ. ಅದಕ್ಕಾಗಿಯೇ ಚೀಲವನ್ನು ಪಾದದ ಸುತ್ತಳತೆಗಿಂತ ಹತ್ತರಲ್ಲೊಂದು ಭಾಗದಷ್ಟು ಚಿಕ್ಕದಾಗಿ ಹೆಣೆಯುವುದು. ಬಾಯಿಯ ಪಟ್ಟಿಯಲ್ಲಿ ಒಂದು ಕಂಬ ನಿಟ್ (ಹೊಸ ಕುಣಿಕೆಯನ್ನು ಮುಂದಕ್ಕೆ ಎಳೆದದ್ದು), ಪಕ್ಕದ್ದು ಪರ್ಲ್ (ಹಿಂದಕ್ಕೆ ಎಳೆದದ್ದು) ಎಂದು ಬದಲಿಸಿದರೆ ಕಂಬಗಳು ಒಳಕ್ಕೂ ಹೊರಕ್ಕೂ ಮಡಿಸಿಕೊಂಡು ಇನ್ನಷ್ಟು ಹಿಗ್ಗುವ ಬಟ್ಟೆಯಾಗುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಎಲಿಸಬೆಟ್ಟಾ ಮಾತ್ಸುಮೊಟೊ ಅವರ ತಂಡ ಇಂಥ ನಾಲ್ಕು ಬಗೆಯ ಹೆಣಿಗೆಗಳನ್ನು ಹೋಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ನೂಲು ಒಂದೇ ಆದರೂ ನಿಟ್ ಮತ್ತು ಪರ್ಲ್‌ಗಳ ಕ್ರಮ ಬದಲಾದರೆ ಬಟ್ಟೆಯ ಬಿಗಿತವೇ ಬದಲಾಗುತ್ತದೆ.

ಇನ್ನು ಮನೆಮಂದಿಗೆಲ್ಲ ನೂಲು ಎಷ್ಟು ಬೇಕೆಂಬ ಲೆಕ್ಕ. ದೊಡ್ಡವರ ಒಂದು ಜೊತೆಗೆ ಸುಮಾರು 100 ಗ್ರಾಂ, ಅಂದರೆ ಅಂದಾಜು 400 ಮೀಟರ್ ತೆಳು ನೂಲು. ಅಪ್ಪನ ಪಾದ 26 ಸೆಂಟಿಮೀಟರ್, ಮಗುವಿನದು 13 ಎಂದರೆ ಮಗುವಿಗೆ ಅರ್ಧ ನೂಲು ಸಾಕೆನಿಸುತ್ತದೆ. ಅಷ್ಟೂ ಬೇಕಿಲ್ಲ. ನೂಲು ಹೋಗುವುದು ಮೇಲ್ಮೈಗೆ. ಉದ್ದವೂ ಸುತ್ತಳತೆಯೂ ಅರ್ಧವಾದರೆ ಮೇಲ್ಮೈ ಕಾಲು ಭಾಗವಾಗುತ್ತದೆ. ಮಕ್ಕಳ ಪಾದ ಉದ್ದಕ್ಕೆ ಹೋಲಿಸಿದರೆ ಸ್ವಲ್ಪ ಗುಂಡಗಿರುವುದರಿಂದ ಕಾಲು ಭಾಗಕ್ಕಿಂತ ತುಸು ಹೆಚ್ಚು ಹಿಡಿಯಿರಿ. ಒಂದೇ ಉಂಡೆಯಿಂದ ಎರಡು ಚೀಲ ಹೆಣೆಯುವವರು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಅದನ್ನು ಸಮನಾಗಿ ಎರಡು ಮಾಡಿಕೊಳ್ಳುತ್ತಾರೆ.

ಹಿಮಾಚಲದ ಲಾಹೌಲ್‌ನಲ್ಲಿ ಇದು ಹವ್ಯಾಸವಲ್ಲ, ಚಳಿಗಾಲದ ಕೆಲಸ. 2020ರಲ್ಲಿ ಅಟಲ್ ಸುರಂಗ ತೆರೆಯುವವರೆಗೂ ಹಿಮ ಬಿದ್ದರೆ ರೋಹ್ತಾಂಗ್ ಕಣಿವೆದಾರಿ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು. ಆ ದಿನಗಳಲ್ಲಿ ಹೆಂಗಸರು ಬಣ್ಣದ ಪಟ್ಟಿಗಳ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದರು. ಇಂದು ಅವಕ್ಕೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಕೂಡ ಸಿಕ್ಕಿದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಗಳನ್ನು ಕಟ್ಟಿದ ಶತಮಾನದಲ್ಲಿಯೇ ಲಾಹೌಲ್‌ನ ಕೇಲಾಂಗ್‌ಗೆ ಬಂದ ಮೊರೇವಿಯನ್ ಮಿಷನರಿಗಳು ಅಲ್ಲಿ ಈ ಹೆಣಿಗೆಯನ್ನು ಕಲಿಸಿದರು. ನಮ್ಮ ದಖ್ಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು, ಆದರೆ ಕೂದಲಿನಂತೆ ಒರಟು. ಪಾದಕ್ಕೆ ಚುಚ್ಚುತ್ತದೆ. ಕಾಲುಚೀಲಕ್ಕೆ ಮೆರಿನೋದಂಥ ನಯವಾದ ಉಣ್ಣೆ ಬೇಕು. ಅದಕ್ಕೆ ನಾಲ್ಕನೆಯ ಒಂದು ಭಾಗ ನೈಲಾನ್ ಬೆರೆಸುವುದು ಹಿಮ್ಮಡಿ ಸವೆಯದಿರಲಿ ಎಂದು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ನೀರನ್ನು ಆವಿಯ ರೂಪದಲ್ಲಿ ಹೀರಿಕೊಂಡರೂ ಒದ್ದೆಯೆನಿಸುವುದಿಲ್ಲ. ಬೆವರುವ ಪಾದಕ್ಕೆ ಇದಕ್ಕಿಂತ ಹೆಚ್ಚಿನ ಶಿಫಾರಸು ಬೇಕಿಲ್ಲ.

ಒಗೆಯುವಾಗ ಮಾತ್ರ ಎಚ್ಚರ ಬೇಕು. ಉಣ್ಣೆಯ ಎಳೆಯ ಮೇಲೆ ಒಂದೇ ದಿಕ್ಕಿಗೆ ಮಲಗಿದ ಸೂಕ್ಷ್ಮ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಮುಂದಕ್ಕೆ ಸರಿಯುತ್ತವೆ, ಹಿಂದಕ್ಕೆ ಬರಲಾರವು. ಅಪ್ಪನ ಚೀಲ ಕುಗ್ಗಿ ಗಟ್ಟಿಯಾಗಿ ಮಗನಿಗೆ ಸರಿಹೋಗುವುದು ಹೀಗೆ. ಒಣಗಿಸುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಕ್ರಾಸೂ, ಪುವಾಂಕ್ಲೂ ಮತ್ತು ಸ್ಟೈನ್‌ಬರ್ಗರ್ ಎಂಬ ವಿಜ್ಞಾನಿಗಳು 2024ರಲ್ಲಿ ತೋರಿಸಿದಂತೆ ಹೆಣೆದ ಬಟ್ಟೆಗೆ ಸಹಜವಾದ ಒಂದೇ ಆಕಾರ ಎಂಬುದಿಲ್ಲ. ಕುಣಿಕೆಗಳ ನಡುವಿನ ತಿಕ್ಕಾಟದಿಂದಾಗಿ ಅದು ಹಲವು ಆಕಾರಗಳಲ್ಲಿ ನಿಲ್ಲಬಲ್ಲದು. ಯಾವುದರಲ್ಲಿ ನಿಲ್ಲುತ್ತದೆ ಎಂಬುದು ಅದನ್ನು ಹಿಂದೆ ಹೇಗೆ ಎಳೆದಿದ್ದೆವು ಎಂಬುದರ ಮೇಲೆ ಹೋಗುತ್ತದೆ. ಆದ್ದರಿಂದ ಒಟ್ಟಿಗೆ ಹೆಣೆದ ಜೊತೆಯನ್ನು ಒಟ್ಟಿಗೇ ಒಗೆದು, ಒಂದೇ ಅಳತೆಗೆ ತಟ್ಟಿ, ಚಾಪೆಯ ಮೇಲೆ ಹಾಸಿ ಒಣಗಿಸುವುದು ಒಳ್ಳೆಯದು. ಹಗ್ಗಕ್ಕೆ ನೇತುಹಾಕಲೇಬೇಕಾದರೆ ಎರಡನ್ನೂ ಒಂದೇ ತುದಿಯಿಂದ ನೇತುಹಾಕಬೇಕು.