ಸೀಟು ಖಾಲಿಯಾಗುವುದು ಯಾವಾಗ?

ಡೇವಿಡ್ ವಾರ್ಕ್ ಕೆನಡಾದ ಸೆನೆಟ್ ಸೇರಿದಾಗ ಅವರಿಗೆ 63 ವರ್ಷ. ಅದು 1867, ಇವತ್ತಿನ ಕೆನಡಾ ಶುರುವಾದ ವರ್ಷ. 1905ರಲ್ಲಿ ತೀರಿಕೊಂಡಾಗ 101 ವರ್ಷ. ಆಗಲೂ ಸೆನೆಟರ್ ಆಗಿಯೇ ಇದ್ದರು. ಕ್ವಿಬೆಕ್‌ನ ಜಾರ್ಜ್ ಕ್ಯಾಸಿಮಿರ್ ಡೆಸೋಲ್ ಅವರದು ಇನ್ನೂ ಮಜವಾದ ಕಥೆ. 1907ರಲ್ಲಿ ನೇಮಕವಾಗುವ ಹೊತ್ತಿಗೆ ಅವರು 80ರ ಹೊಸ್ತಿಲಲ್ಲಿದ್ದರು. ಆಮೇಲೂ 23 ವರ್ಷ ಕುರ್ಚಿ ಬಿಡಲಿಲ್ಲ. 1930ರಲ್ಲಿ, 102 ದಾಟಿದ ಮೇಲೆ, ಕೊನೆಯುಸಿರೆಳೆದರು.

ಸೆನೆಟ್ ಅಂದರೆ ಕೆನಡಾ ಸಂಸತ್ತಿನ ಮೇಲ್ಮನೆ. ಅದಕ್ಕೆ ಚುನಾವಣೆ ಇಲ್ಲ. ಪ್ರಧಾನಿ ಹೆಸರು ಕೊಡುತ್ತಾರೆ, ಗವರ್ನರ್ ಜನರಲ್ ನೇಮಕ ಮಾಡುತ್ತಾರೆ. 1965ರವರೆಗೆ ಆ ನೇಮಕ ಸಾಯುವ ತನಕ ಇರುತ್ತಿತ್ತು.

ಇದು ಯೋಚನೆಯಿಲ್ಲದೆ ಮಾಡಿದ ಏರ್ಪಾಡೇನೂ ಅಲ್ಲ. 1856ರಿಂದ ಅಲ್ಲಿನ ಒಂದು ವಸಾಹತಿನಲ್ಲಿ ಮೇಲ್ಮನೆಗೂ ಚುನಾವಣೆ ನಡೆಸಿ ನೋಡಿದ್ದರು. ಗೆದ್ದು ಬಂದವರು 'ನಮ್ಮನ್ನೂ ಜನರೇ ಆರಿಸಿದ್ದು' ಎಂದು ಹೊರಟರೆ ಕೆಳಮನೆಯ ಗತಿಯೇನು? ವಸಾಹತುಗಳನ್ನು ಸೇರಿಸಿ ಒಂದು ದೇಶ ಮಾಡಲು 1864ರ ಕ್ವಿಬೆಕ್ ಸಮಾವೇಶದಲ್ಲಿ ಕೂತವರಿಗೆ ಈ ಭಯವಿತ್ತು. ಹಾಗಂತ ಸರ್ಕಾರಕ್ಕೆ ಬೇಡವಾದಾಗ ಕಿತ್ತುಹಾಕುವಂತಿದ್ದರೆ ಸದಸ್ಯರು ಬಾಲ ಅಲ್ಲಾಡಿಸುವುದು ಬಿಟ್ಟು ಬೇರೇನು ಮಾಡಿಯಾರು? ನೇಮಕ ಮಾಡೋಣ, ಆದರೆ ಜೀವನಪೂರ್ತಿ ಇರಲಿ ಎಂದು ತೀರ್ಮಾನವಾಯಿತು.

ಜೊತೆಗೆ ಸೀಟುಗಳ ಸಂಖ್ಯೆಗೂ ಕಟ್ಟು ಹಾಕಿದರು. ಶುರುವಿನಲ್ಲಿ 72. ಒಂಟಾರಿಯೋಗೆ 24, ಕ್ವಿಬೆಕ್‌ಗೆ 24, ಕರಾವಳಿಯ ಎರಡು ಪ್ರಾಂತ್ಯಗಳಿಗೆ ಸೇರಿ 24. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಮೇಲ್ಮನೆಯಾದ ಲಾರ್ಡ್ಸ್ ಸಭೆ ಹಟ ಹಿಡಿದರೆ ಹೊಸ ಲಾರ್ಡ್‌ಗಳನ್ನು ಎಷ್ಟು ಬೇಕಾದರೂ ತುಂಬಿಸುತ್ತೇವೆ ಎಂದು ಹೆದರಿಸಬಹುದಿತ್ತು. 1832ರಲ್ಲೂ 1911ರಲ್ಲೂ ಹೆದರಿಸಿದ್ದೇ ಸಾಕಾಯಿತು. ಕೆನಡಾದಲ್ಲಿ ಆ ದಾರಿ ಹೆಚ್ಚುಕಮ್ಮಿ ಮುಚ್ಚಿಹೋಗಿತ್ತು. ನಿಂತು ಪ್ರಯಾಣ ಮಾಡುವಂತಿಲ್ಲದ ಬಸ್ಸಿನ ಹಾಗೆ: ಒಬ್ಬರು ಹತ್ತಬೇಕಾದರೆ ಇನ್ನೊಬ್ಬರು ಇಳಿಯಲೇಬೇಕು.

ಎಡವಟ್ಟಾಗಿದ್ದೇ ಇಲ್ಲಿ. ಒಂದು ಸಣ್ಣ ಲೆಕ್ಕ ನೋಡಿ. ಒಟ್ಟು ಸೀಟುಗಳನ್ನು ಒಬ್ಬೊಬ್ಬರು ಸರಾಸರಿ ಇರುವ ವರ್ಷಗಳಿಂದ ಭಾಗಿಸಿದರೆ ವರ್ಷಕ್ಕೆ ಎಷ್ಟು ಸೀಟು ಖಾಲಿಯಾಗುತ್ತವೆ ಅಂತ ಸಿಗುತ್ತದೆ. ಮನೆಯಲ್ಲಿ 102 ಸೀಟು, ಸರಾಸರಿ 17 ವರ್ಷ ಅಂತಿಟ್ಟುಕೊಂಡರೆ ವರ್ಷಕ್ಕೆ ಆರು. ಜನ ಜಾಸ್ತಿ ಕಾಲ ಬದುಕಿ ಸರಾಸರಿ 25 ದಾಟಿತೋ, ನಾಲ್ಕೇ. ಹೀಗಿದ್ದಾಗ ಒಂದೇ ಪಕ್ಷ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅಧಿಕಾರದಲ್ಲಿದ್ದರೆ ಇಡೀ ಮನೆಯೇ ಅದರದಾಗುತ್ತದೆ. ಆಮೇಲೆ ಬಂದವರು ಸಾವಿನ ಸುದ್ದಿಗೆ ಕಾಯಬೇಕು. ಹೇಳೋಕೆ ಚೆನ್ನಾಗಿಲ್ಲ, ಆದರೆ ನಿಜ.

ಲಿಬರಲ್ ಪಕ್ಷ 1935ರಿಂದ 1957ರವರೆಗೆ ಸತತ 22 ವರ್ಷ ಆಳಿತು. ಆಮೇಲೆ ಬಂದ ಕನ್ಸರ್ವೇಟಿವ್ ಪಕ್ಷದ ಡೀಫನ್‌ಬೇಕರ್ 1958ರಲ್ಲಿ ಕೆಳಮನೆಯ 265 ಸೀಟುಗಳಲ್ಲಿ 208 ಗೆದ್ದರು. ಎಂಥಾ ಗೆಲುವು! ಆದರೂ ಸೆನೆಟ್ ಲಿಬರಲ್‌ಗಳ ಕೈಯಲ್ಲೇ ಇತ್ತು. 1961ರಲ್ಲಿ ಕೇಂದ್ರ ಬ್ಯಾಂಕಿನ ಗವರ್ನರ್ ಜೇಮ್ಸ್ ಕೋಯ್ನ್ ಅವರನ್ನು ಇಳಿಸಲು ಸರ್ಕಾರ ಮಸೂದೆ ತಂದಿತು. ಕೆಳಮನೆ ಪಾಸು ಮಾಡಿತು. ಸೆನೆಟ್ ಕೋಯ್ನ್ ಅವರನ್ನು ಕರೆಸಿ, ಅವರ ಮಾತು ಕೇಳಿ, ಮಸೂದೆಯನ್ನು ತಳ್ಳಿಹಾಕಿತು. ಅದಾದ ಮೇಲೆ ಕೋಯ್ನ್ ತಾವಾಗಿಯೇ ರಾಜೀನಾಮೆ ಕೊಟ್ಟರು.

ಹೀಗೆ ಗಂಟು ಬಿದ್ದಾಗ ಬಿಡಿಸಲು ಸಂವಿಧಾನದಲ್ಲಿ ಒಂದು ಕಿಂಡಿ ಇಟ್ಟಿದ್ದರು. ಕೆನಡಾಕ್ಕೂ ಒಡೆಯರಾದ ಬ್ರಿಟನ್ನಿನ ರಾಣಿ ಅಥವಾ ರಾಜ ಒಪ್ಪಿದರೆ ಕೆಲವೇ ಕೆಲವು ಹೆಚ್ಚುವರಿ ಸೆನೆಟರ್‌ಗಳನ್ನು ನೇಮಿಸಬಹುದು. 1873ರಲ್ಲಿ ಪ್ರಧಾನಿ ಮೆಕೆಂಝಿ ಕೇಳಿದರು, ಲಂಡನ್ ಆಗಲ್ಲ ಅಂದಿತು. ಅದು ಬಳಕೆಗೆ ಬಂದದ್ದು 1990ರಲ್ಲಿ. ಆಗಿನ ಪ್ರಧಾನಿ ಮಲ್‌ರೋನಿ ಎಂಟು ಜನರನ್ನು ಸೇರಿಸಿಕೊಂಡು ಜಿಎಸ್‌ಟಿ ಮಸೂದೆಯನ್ನು ದಾಟಿಸಿಕೊಂಡರು. ಹೌದು, ಅವರದೂ ಜಿಎಸ್‌ಟಿಯೇ, ನಮಗಿಂತ ಬಹಳ ಮೊದಲೇ ಬಂದದ್ದು.

ಸೆನೆಟರ್ ಆಗಲು 30 ವರ್ಷ ಆಗಿರಬೇಕು, ಪ್ರತಿನಿಧಿಸುವ ಪ್ರಾಂತ್ಯದಲ್ಲಿ 4000 ಡಾಲರ್ ಬೆಲೆಯ ಆಸ್ತಿ ಇರಬೇಕು. 1867ರಲ್ಲಿ ಅದು ದೊಡ್ಡ ದುಡ್ಡು. ಈ ಅಂಕಿ ಆಮೇಲೆ ಬದಲಾಗಲೇ ಇಲ್ಲ. 1997ರಲ್ಲಿ ಪೆಗ್ಗಿ ಬಟ್ಸ್ ಎಂಬ ಕ್ರೈಸ್ತ ಸನ್ಯಾಸಿನಿಯನ್ನು ಆರಿಸಿದಾಗ ಪೇಚಾಯಿತು. ಬಡತನದ ವ್ರತ ತೊಟ್ಟವರ ಹೆಸರಲ್ಲಿ ಆಸ್ತಿ ಎಲ್ಲಿಂದ ಬರಬೇಕು? ಕೊನೆಗೆ ಅವರ ಸಂಘವೇ ಒಂದು ತುಂಡು ಜಮೀನನ್ನು ಅವರ ಹೆಸರಿಗೆ ಮಾಡಿಕೊಟ್ಟಿತು.

1965ರಲ್ಲಿ ಪಿಯರ್ಸನ್ ಸರ್ಕಾರ 75ಕ್ಕೆ ನಿವೃತ್ತಿ ಎಂಬ ನಿಯಮ ತಂದಿತು. ಆದರೆ ಹೊಸಬರಿಗೆ ಮಾತ್ರ, ಹಳಬರಿಗೆ ಕೊಟ್ಟ ಮಾತು ಉಳಿಯಿತು. ಹಾಗೆ ಉಳಿದವರಲ್ಲಿ ಕೊನೆಯವರು ದಂತವೈದ್ಯ ಆರ್ವಿಲ್ ಫಿಲಿಪ್ಸ್. 1963ರಲ್ಲಿ, ಇನ್ನೂ 40 ತುಂಬುವ ಮೊದಲೇ ನೇಮಕವಾಗಿದ್ದರು. ಸಾಯುವ ತನಕ ಇರಬಹುದಿತ್ತು. 1999ರಲ್ಲಿ ಸುಮ್ನೆ ಎದ್ದು ಹೊರಟರು.

ನನ್ನ ಲೆಕ್ಕದಲ್ಲಿ ಸದಸ್ಯನಿಗೆ ಧೈರ್ಯ ಕೊಡುವುದು ಜೀವನಪೂರ್ತಿ ಕುರ್ಚಿಯಲ್ಲ, ಮತ್ತೆ ನೇಮಕ ಮಾಡಿ ಅಂತ ಯಾರ ಮುಂದೆಯೂ ಕೈ ಚಾಚಬೇಕಿಲ್ಲ ಅನ್ನುವುದು. 12 ವರ್ಷ, ಒಂದೇ ಸಲ ಎಂದರೂ ಆ ಕೆಲಸ ಆಗುತ್ತದೆ ಅಲ್ವಾ? ನಮ್ಮ ರಾಜ್ಯಸಭೆಯಲ್ಲಿ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಖಾಲಿ. ಸೀಟು ಯಾವಾಗ ಖಾಲಿಯಾಗುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತು. ಆದರೆ ಮತ್ತೆ ಟಿಕೆಟ್‌ಗೆ ಪಕ್ಷದ ಬಾಗಿಲು ಕಾಯುವುದು ತಪ್ಪಿಲ್ಲ. ಕೆನಡಾದಲ್ಲೂ ಅವಧಿ ಗೊತ್ತುಮಾಡಲು ಹಾರ್ಪರ್ ಸರ್ಕಾರ ಹೊರಟಿತ್ತು. ಸಂಸತ್ತು ಒಂದೇ ಅದನ್ನು ಮಾಡುವಂತಿಲ್ಲ, ದೇಶದ ಅರ್ಧದಷ್ಟಾದರೂ ಜನಸಂಖ್ಯೆ ಇರುವ ಏಳು ಪ್ರಾಂತ್ಯಗಳು ಒಪ್ಪಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಅಷ್ಟು ಪ್ರಾಂತ್ಯಗಳನ್ನು ಒಪ್ಪಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಹಾಗಾಗಿ 30ಕ್ಕೆ ನೇಮಕವಾದವರು ಅಲ್ಲಿ ಈಗಲೂ 45 ವರ್ಷ ಕೂರಬಹುದು.