ಕತ್ತರಿ ಹಿಡಿದವರು ‘ಆ್ಯಕ್ಷನ್’ ಹೇಳಿದಾಗ

ಸೀನ್ ಜೋಡಿಸಲು ಶಾಟ್ ಸಾಲದಿದ್ದಾಗ ಧಾರಾವಾಹಿ ಎಡಿಟರ್‌ಗಳನ್ನು ಕಾಪಾಡುವುದು ಸೀಲಿಂಗ್ ಫ್ಯಾನು. ಅದಿಲ್ಲದಿದ್ದರೆ ದೇವರ ಫೋಟೊ, ಉರಿಯುವ ದೀಪ, ಬಾಗಿಲ ತೋರಣ. ಇರಲಿ ಅಂತ ಯಾರೋ ಕ್ಯಾಮೆರಾಮನ್ ತೆಗೆದಿಟ್ಟ ಶಾಟ್‌ಗಳು. ಎಷ್ಟೋ ವರ್ಷ ಬೇರೆಯವರ ಸೀನ್‌ಗಳಿಗೆ ಇಂಥ ತೇಪೆ ಹಾಕುತ್ತಾ, ‘ಕೇಳಿಸಿಕೊಂಡವರ ಮುಖದ ಒಂದು ರಿಯಾಕ್ಷನ್ ಶಾಟ್ ತೆಗೆಯೋಕೆ ಇವರಿಗೆ ಏನು ಕಷ್ಟ’ ಎಂದು ಗೊಣಗಿದವನು ನಾನು. ಹಾಗಾಗಿ ಮೊದಲ ಸಲ ನಾಲ್ಕು ಎಪಿಸೋಡ್ ನಿರ್ದೇಶಿಸುವ ಅವಕಾಶ ಬಂದಾಗ ಭಯವೇ ಆಗಲಿಲ್ಲ. ಎಡಿಟಿಂಗ್ ತಲೆಯಲ್ಲೇ ಮುಗಿದುಹೋಗಿತ್ತು.

ಆಸ್ಪತ್ರೆ ಕಾರಿಡಾರ್ ಸೀನ್. ಅಪ್ಪ ಹೋದ ಸುದ್ದಿಯನ್ನು ಡಾಕ್ಟರ್ ಮಗಳಿಗೆ ಹೇಳಬೇಕು. ಡಾಕ್ಟರ್ ಮಾತು ಮುಗಿಯಿತು, ಆಕೆ ತಲೆ ಎತ್ತಿದಳು, ನಾನು ‘ಕಟ್’ ಎಂದೆ.

‘ಸರ್, ಇನ್ನೊಂದ್ ಚೂರು ಬಿಡೋಣ್ವಾ?’ ಎಂದರು ಕ್ಯಾಮೆರಾದವರು.

‘ಬೇಡ, ನಂಗೆ ಇಷ್ಟೇ ಬೇಕಾಗಿರೋದು.’

ರಾತ್ರಿ ಟೈಮ್‌ಲೈನ್ ಮೇಲೆ ಹಾಕಿ ನೋಡಿದರೆ ಎರಡು ಸೆಕೆಂಡ್ ಕಡಿಮೆ ಬೀಳುತ್ತಿದೆ. ಸುದ್ದಿ ಆಕೆಯ ಕಿವಿಗೆ ಬಿದ್ದಿದೆ, ಮುಖಕ್ಕೆ ಇನ್ನೂ ಬಂದಿಲ್ಲ. ಬರುವ ಮೊದಲೇ ನಾನು ಕಟ್ ಹೇಳಿದ್ದೇನೆ. ಕೊನೆಗೆ ಏನು ಹಾಕಿದೆ ಹೇಳಿ? ಸೀಲಿಂಗ್ ಫ್ಯಾನು.

ಎಡಿಟರ್ ಆಗಿದ್ದವರು ನಿರ್ದೇಶಕರಾದರೆ ಕೆಲಸ ಚುರುಕಾಗುತ್ತದೆ, ಬೇಕಾದಷ್ಟೇ ತೆಗೆಯುತ್ತಾರೆ ಅಂತ ನಿರ್ಮಾಪಕರಿಗೆ ಖುಷಿ. ನಿಜವೇ. ಆದರೆ ಅದೇ ನಮ್ಮ ರೋಗ ಕೂಡ. ಎಲ್ಲಿ ಕತ್ತರಿಸಬೇಕು ಎನ್ನುವುದು ಕೈಗೆ ಅಂಟಿಕೊಂಡಿರುತ್ತದೆ. ಎಲ್ಲಿ ಸುಮ್ನೆ ಕಾಯಬೇಕು ಎನ್ನುವುದನ್ನು ಎಡಿಟಿಂಗ್ ಟೇಬಲ್ ಕಲಿಸುವುದಿಲ್ಲ. ಅಲ್ಲಿ ಕಾಯುವ ಕೆಲಸವನ್ನು ಬೇರೆ ಯಾರೋ ಮುಗಿಸಿ ನಮಗೆ ಕಳಿಸಿರುತ್ತಾರೆ.

ಈ ದಾರಿಯಲ್ಲಿ ಎಲ್ಲರಿಗಿಂತ ದೂರ ನಡೆದವರಲ್ಲಿ ಇಂಗ್ಲೆಂಡಿನ ಡೇವಿಡ್ ಲೀನ್ ಒಬ್ಬರು. 1908ರಲ್ಲಿ ಕ್ರಾಯ್ಡನ್‌ನಲ್ಲಿ ಹುಟ್ಟಿದವರು. ಸಿನಿಮಾ ನೋಡುವುದೇ ತಪ್ಪು ಎನ್ನುವ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆ. 1927ರಲ್ಲಿ ಗೋಮಾಂಟ್ ಸ್ಟುಡಿಯೋಗೆ ಟೀ ತಂದುಕೊಡುವ ಹುಡುಗನಾಗಿ ಸೇರಿದರು. ಕ್ಲ್ಯಾಪ್ ಹೊಡೆದು, ಸಹಾಯಕನಾಗಿ ದುಡಿದು, ಆಮೇಲೆ ನ್ಯೂಸ್‌ರೀಲ್ ಎಡಿಟರ್ ಆದರು. ಟಿವಿ ಇಲ್ಲದ ಕಾಲ. ಥಿಯೇಟರಿನಲ್ಲಿ ವಾರಕ್ಕೆ ಎರಡು ಸಲ ಹೊಸ ಸುದ್ದಿ ಚಿತ್ರ ಬರಬೇಕು. ಕುದುರೆ ರೇಸಿಗೆ ರೀಟೇಕ್ ಇಲ್ಲ, ರಾಜನ ಮೆರವಣಿಗೆಗೂ ಇಲ್ಲ. ಬಂದದ್ದನ್ನೇ ಕತ್ತರಿಸಿ ಅಂಟಿಸಿ ಹೊತ್ತಿಗೆ ಸರಿಯಾಗಿ ಕಳಿಸಬೇಕು. ರಾತ್ರಿ ಪ್ರಸಾರದ ಎಪಿಸೋಡನ್ನು ಸಂಜೆ ಮುಗಿಸುವ ನಮ್ಮ ಟಿವಿ ಎಡಿಟರ್‌ಗಳಿಗೆ ಈ ಪಾಡು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಬ್ರಿಟನ್ನಿನ ಥಿಯೇಟರ್‌ಗಳು ಇಂತಿಷ್ಟು ಸ್ವದೇಶಿ ಸಿನಿಮಾ ತೋರಿಸಲೇಬೇಕು ಎಂಬ ಕಾನೂನಿತ್ತು. ಆ ಲೆಕ್ಕ ತುಂಬಿಸಲು ಅಗ್ಗದ ಸಿನಿಮಾಗಳನ್ನು ಸರಸರನೆ ಸುತ್ತುತ್ತಿದ್ದರು. ಅಂಥವನ್ನು ನಿರ್ದೇಶಿಸಲು ಲೀನ್‌ಗೂ ಕರೆ ಬಂತು, ಅವರು ಒಪ್ಪಲಿಲ್ಲ. ‘ಪಿಗ್ಮೇಲಿಯನ್’ (1938) ತರದ ದೊಡ್ಡ ಚಿತ್ರಗಳನ್ನು ಎಡಿಟ್ ಮಾಡುತ್ತಾ ಕೂತರು. 1942ರಲ್ಲಿ ನಾಟಕಕಾರ ನೋಯೆಲ್ ಕವರ್ಡ್ ಜೊತೆ ‘ಇನ್ ವಿಚ್ ವಿ ಸರ್ವ್’ಗೆ ಸಹನಿರ್ದೇಶಕರಾದಾಗ ವಯಸ್ಸು ಮೂವತ್ನಾಲ್ಕು. ಸಿಕ್ಕಿದ ಮೊದಲ ಅವಕಾಶವನ್ನೇ ಬಾಚಿಕೊಂಡ ನನ್ನಂಥವನಿಗೆ ಈ ತಾಳ್ಮೆ ನೋಡಿದರೆ ಹೊಟ್ಟೆಕಿಚ್ಚು.

ನಿರ್ದೇಶಕರಾದ ಮೇಲೂ ಕೈಚಳಕ ಹೋಗಲಿಲ್ಲ. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ (1946) ಶುರುವಾಗುವುದು ಸ್ಮಶಾನದಲ್ಲಿ. ಗಾಳಿ, ಕಿರುಗುಟ್ಟುವ ಮರ, ಹೆದರಿದ ಹುಡುಗ. ಅವನು ಓಡುತ್ತಾನೆ, ಕ್ಯಾಮೆರಾ ಅವನ ಜೊತೆಗೇ ತಿರುಗುತ್ತದೆ, ತಟ್ಟನೆ ಒಬ್ಬ ದೈತ್ಯ ಕೈದಿಗೆ ಡಿಕ್ಕಿ. ಬಂದವನು ಯಾರೆಂದು ಕಣ್ಣಿಗೆ ಪೂರ್ತಿ ದಕ್ಕುವ ಮೊದಲೇ ಶಾಟ್ ಕಟ್ ಆಗುತ್ತದೆ. ಹುಡುಗನ ಚೀರಾಟ ಕಟ್‌ಗಿಂತ ಕೆಲವೇ ಫ್ರೇಮ್ ಮೊದಲು ಕೇಳಿಸುತ್ತದೆ. ಒಂದು ಸೆಕೆಂಡಿಗೆ 24 ಫ್ರೇಮ್, ಲೆಕ್ಕ ಹಾಕಿಕೊಳ್ಳಿ. ಶಬ್ದವನ್ನು ಚಿತ್ರಕ್ಕಿಂತ ಒಂದು ಹೆಜ್ಜೆ ಮುಂದೆ ಬಿಡುವ ಈ ಉಪಾಯವನ್ನು ಇವತ್ತಿಗೂ ದೆವ್ವದ ಸೀನ್‌ಗಳಲ್ಲಿ ನಾವು ಬಳಸುತ್ತೇವೆ.

ಅಂದಹಾಗೆ, ಆ ಚಿತ್ರದ ಎಡಿಟರ್ ಲೀನ್ ಅಲ್ಲ, ಜ್ಯಾಕ್ ಹ್ಯಾರಿಸ್. ‘ಲಾರೆನ್ಸ್ ಆಫ್ ಅರೇಬಿಯಾ’ಕ್ಕೆ (1962) ಆ್ಯನ್ ಕೋಟ್ಸ್. ಕಥಾನಾಯಕ ಲಾರೆನ್ಸ್ ಉರಿಯುವ ಬೆಂಕಿಕಡ್ಡಿಯನ್ನು ಉಫ್ ಎಂದು ಊದುತ್ತಾನೆ, ಮರುಕ್ಷಣ ಮರಳುಗಾಡಿನಲ್ಲಿ ಸೂರ್ಯ ಹುಟ್ಟುತ್ತಾನೆ. ಸಿನಿಮಾ ಪಾಠ ಹೇಳುವವರೆಲ್ಲ ತೋರಿಸುವ ಕಟ್ ಇದು. ಚಿತ್ರಕಥೆಯಲ್ಲಿ ಅಲ್ಲಿ ಇದ್ದದ್ದು ಡಿಸಾಲ್ವ್. ಅಂದರೆ ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡುವುದು. ಫಿಲ್ಮ್ ಕಾಲದಲ್ಲಿ ಡಿಸಾಲ್ವ್ ಆಗುತ್ತಿದ್ದದ್ದು ಲ್ಯಾಬಿನಲ್ಲಿ. ಎಡಿಟಿಂಗ್ ಕೋಣೆಯಲ್ಲಿ ಎರಡೂ ಶಾಟ್‌ಗಳನ್ನು ನೇರವಾಗಿ ಅಂಟಿಸಿ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದರು ಅಷ್ಟೇ. ಹಾಗೆ ಅಂಟಿಸಿದ್ದನ್ನು ಓಡಿಸಿ ನೋಡಿದಾಗ ಲೀನ್, ಕೋಟ್ಸ್ ಇಬ್ಬರಿಗೂ ಅನ್ನಿಸಿತು, ಇದು ಹೀಗೇ ಚೆಂದ. ಇನ್ನಷ್ಟು ಸರಿಮಾಡು ಎಂದು ಲೀನ್ ಹೇಳಿದರು, ಕೋಟ್ಸ್ ಎರಡು ಫ್ರೇಮ್ ತೆಗೆದರು, ಮುಗಿಯಿತು. ಇವತ್ತಿನ ಸಾಫ್ಟ್‌ವೇರ್‌ನಲ್ಲಿ ಡಿಸಾಲ್ವ್ ಎಳೆದು ಹಾಕಿದರೆ ಅದು ಆ ಕ್ಷಣಕ್ಕೇ ಕಾಣಿಸುತ್ತದೆ. ನಡುವಿನ ಆ ಒರಟು ಜೋಡಣೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಅದೇ ಸಿನಿಮಾದಲ್ಲಿ ನಟ ಒಮರ್ ಶರೀಫ್ ಬರುವ ದೃಶ್ಯವಿದೆ. ಬಾವಿಯ ಹತ್ತಿರ ಇಬ್ಬರು. ದೂರದಲ್ಲಿ, ಬಿಸಿಲ್ಗುದುರೆಯೊಳಗೆ, ಒಂದು ಕರಿ ಚುಕ್ಕೆ ನಡುಗುತ್ತದೆ. ಅದು ಒಂಟೆಯಾಗಿ, ಮನುಷ್ಯನಾಗಿ ಹತ್ತಿರ ಬರುವವರೆಗೆ ನಾವು ಕಾಯುತ್ತೇವೆ. ಇದಕ್ಕೆಂದೇ ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಭಾರಿ ಉದ್ದದ ಲೆನ್ಸ್ ಬಳಸಿದ್ದರು. ಸೆಟ್ಟಿನಲ್ಲಿ ನಿರ್ದೇಶಕ ಲೀನ್ ಕಾದರು. ಟೇಬಲ್ಲಿನಲ್ಲಿ ಮಾತ್ರ ಒಳಗಿನ ಎಡಿಟರ್ ಎದ್ದು ಕೂತ. ಜನ ಬೇಸರಪಟ್ಟಾರು ಎಂಬ ಅಳುಕಿನಲ್ಲಿ ಶಾಟನ್ನು ಮೊಟಕು ಮಾಡಿಬಿಟ್ಟರು. ಯಾಕಾದರೂ ಕತ್ತರಿಸಿದೆನೋ ಎಂದು ಆಮೇಲೆ ಹಲುಬಿದರು. ಎರಡು ಆಸ್ಕರ್ ಗೆದ್ದ ನಿರ್ದೇಶಕರಿಗೇ ಹೀಗಾದರೆ ನನ್ನ ಕಾರಿಡಾರ್ ಸೀನ್ ಯಾವ ಲೆಕ್ಕ!

ಲೀನ್ ಅವರ ಕೊನೆಯ ಸಿನಿಮಾ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ನಮ್ಮ ಕಡೆಯೇ ಆದದ್ದು. ಬೆಂಗಳೂರು ಅರಮನೆಯ ಮೈದಾನದಲ್ಲಿ ಚಂದ್ರಾಪುರ ಎಂಬ ಊರಿನ ಸೆಟ್, ಮಾಗಡಿಯ ಸಾವನದುರ್ಗದಲ್ಲಿ ಕಥೆಯ ಮರಬಾರ್ ಬೆಟ್ಟ. ಪಾತ್ರಗಳು ನೀಲಗಿರಿಯ ಪುಟ್ಟ ರೈಲಿನಲ್ಲಿ ಹೊರಟು ಸಾವನದುರ್ಗ ತಲುಪುತ್ತವೆ! ಬೆಂಗಳೂರಿನವರಾದ ನಮಗೆ ನಗು ಬರುತ್ತದೆ. ಸಿನಿಮಾ ನೋಡುವಾಗ ಮಾತ್ರ ಅನುಮಾನವೇ ಬರುವುದಿಲ್ಲ, ಜೋಡಣೆ ಅಷ್ಟು ನಯ. ಆ ಬೆಟ್ಟದ ಗುಹೆಯೊಳಗೆ ಏನಾಯಿತು ಎಂಬುದರ ಮೇಲೆ ಇಡೀ ಕಥೆ ನಿಂತಿದೆ. ಹುಡುಗಿ ಒಳಗಿದ್ದಾಳೆ, ಕಡ್ಡಿ ಗೀರುತ್ತಾಳೆ, ಪ್ರತಿಧ್ವನಿ ಮೊಳಗುತ್ತದೆ. ಅಷ್ಟೇ, ಮುಂದಿನದನ್ನು ತೋರಿಸುವುದೇ ಇಲ್ಲ. ಈ ಸಿನಿಮಾದ ಎಡಿಟಿಂಗನ್ನು ಎಪ್ಪತ್ತಾರರ ಲೀನ್ ತಾವೇ ಮಾಡಿದರು. ನಿರ್ದೇಶನ, ಚಿತ್ರಕಥೆಯ ಜೊತೆಗೆ ಸಂಕಲನಕ್ಕೂ ಆಸ್ಕರ್‌ಗೆ ನಾಮನಿರ್ದೇಶನವಾಯಿತು. ತಾನು ತೆಗೆದದ್ದನ್ನು ತಾನೇ ಕತ್ತರಿಸುವುದು ನನಗೆ ಇವತ್ತಿಗೂ ಆಗದ ಕೆಲಸ. ಆ ನಾಲ್ಕು ಎಪಿಸೋಡಿನ ನಂತರ ನನ್ನ ಸೀನ್‌ಗಳನ್ನು ಬೇರೆಯವರ ಕೈಗೆ ಕೊಡುತ್ತೇನೆ. ‘ಕಟ್’ ಹೇಳುವ ಮುಂಚೆ ಮನಸ್ಸಿನಲ್ಲಿ ಐದರವರೆಗೆ ಎಣಿಸುತ್ತೇನೆ.

‘ಲಾರೆನ್ಸ್’ ಬಿಡುಗಡೆಯಾದ ಮೇಲೆ ಬೇರೆಯವರೂ ಅದಕ್ಕೆ ಸಾಕಷ್ಟು ಕತ್ತರಿ ಹಾಕಿದ್ದರು. ಹೋದ ತುಣುಕುಗಳನ್ನು ಹುಡುಕಿ ಸೇರಿಸಿ 1989ರಲ್ಲಿ ಚಿತ್ರವನ್ನು ಮತ್ತೆ ತೆರೆಗೆ ತಂದರು. ಆ ಕೆಲಸಕ್ಕೆ ಎಂಬತ್ತರ ಲೀನ್ ಕೂಡ ಕೋಟ್ಸ್ ಜೊತೆ ಬಂದು ಕೂತರು. ಕಳೆದುಹೋದದ್ದರಲ್ಲಿ ಬಹುಪಾಲು ವಾಪಸ್ ಬಂದಿತ್ತು. ಲೀನ್ ಒಂದು ಸುತ್ತು ನೋಡಿದರು, ಅಲ್ಲೊಂದು ಇಲ್ಲೊಂದು ಶಾಟನ್ನು ಮತ್ತೆ ಕತ್ತರಿಸಿದರು.